ಚರಂಡಿಯ ಮೇಲೆ ಬಂದ ನಾಗ

ಟಿಪ್ಪರ್ ನನ್ನ ಸ್ಕೂಟರಿನ ನಂಬರ್ ಪ್ಲೇಟನ್ನು ಮುದ್ದಿಸುವಷ್ಟು ಹತ್ತಿರ ಬಂದಿತ್ತು!

ಪರ್ಕಳ ದಾಟಿ ಮಣಿಪಾಲಕ್ಕೆ ಹತ್ತುವ ಏರು. ಜುಲೈ ತಿಂಗಳ ಮಳೆ. ನನ್ನ ಹಳೆಯ ಸ್ಕೂಟರಿಗೆ ಏರು ಅಂದರೆ ಅಲರ್ಜಿ, ಇಳಿಜಾರು ಅಂದರೆ ಭಯ. ಬ್ರೇಕು ಮನಸ್ಸು ಬಂದರೆ ಹಿಡಿಯುತ್ತದೆ, ಇಲ್ಲವಾದರೆ ಇಲ್ಲ.

ಹಿಂದಿನ ಸೀಟಿನಲ್ಲಿ ಕಾರ್ಕಳದ ಶಿಲ್ಪಿ ಅಣ್ಣು ಆಚಾರ್ಯರು. ಒಂದು ಕೈಯಲ್ಲಿ ನನ್ನ ಕಾಲರ್. ಇನ್ನೊಂದು ಕೈಯಲ್ಲಿ ಬಿಡಿಸಿದ ಕೊಡೆ!

"ಕೊಡೆ ಮಡಚಿ ಆಚಾರ್ರೇ!"

"ಮಳೆ ಬರ್ತಾ ಉಂಟಲ್ಲ!"

"ಗಾಳಿ ಹಿಡಿದು ನಮ್ಮನ್ನು ಹಿಂದೆ ಎಳೀತಾ ಉಂಟು!"

"ಹಾಗಾದ್ರೆ ನೀವು ಸ್ವಲ್ಪ ಜೋರು ಬಿಡಿ ಮಾರಾಯ್ರೆ!"

ಟಿಪ್ಪರ್ ಹಾರ್ನ್ ಹೊಡೆಯಿತು. ನಾನು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದೆ.

ಟಿಪ್ಪರ್ ನಮ್ಮ ಹಿಂದೆ ಯಾಕೆ ಬಿತ್ತು ಅಂತ ಕೇಳುತ್ತೀರಾ? ಹೇಳುತ್ತೇನೆ. ಟಿಪ್ಪರ್ ಹೇಗೂ ಇನ್ನೂ ಸ್ವಲ್ಪ ದೂರ ಜೊತೆಗೆ ಬರಲಿಕ್ಕಿದೆ.

ನಾನು ಕ್ಲಾರೆನ್ಸ್. ಉಡುಪಿಯ ಬನ್ನಂಜೆಯಲ್ಲಿ ಒಂದು ಬೇಕರಿಯ ಮಹಡಿಯಲ್ಲಿ ನನ್ನ ಆಫೀಸು. ಬೋರ್ಡಿನಲ್ಲಿ ಕನ್ಸಲ್ಟೆಂಟ್ ಅಂತ ಬರೆಸಿದ್ದೇನೆ. ಎಂತದ್ದರ ಕನ್ಸಲ್ಟೆಂಟ್ ಅಂತ ಬರೆಸಿಲ್ಲ. ಕಳೆದುಹೋದ ಬೈಕು, ಓಡಿಹೋದ ಅಳಿಯ, ಬಾಡಿಗೆ ಮನೆ ಬಿಡದ ಭೂಪ... ಬೇರೆ ಯಾರ ಕೈಯಲ್ಲೂ ಆಗದ್ದು ನನ್ನ ಮೆಟ್ಟಿಲು ಹತ್ತುತ್ತದೆ.

ಅದರ ಹಿಂದಿನ ದಿನ ಮಧ್ಯಾಹ್ನ ಹತ್ತಿದವರು ಆಸಿಯಮ್ಮ. ನಮ್ಮ ಕೆಳಗಿನ ಓಣಿಯ ಕೊನೆಯ ಮನೆಯವರು. ಸೀರೆ ಮೊಣಕಾಲಿನವರೆಗೆ ಒದ್ದೆ. ಮುಖದಲ್ಲಿ ಸಿಟ್ಟು, ಕಣ್ಣಲ್ಲಿ ನೀರು.

"ಪೊರ್ಬುಗಳೇ, ನಾಳೆ ಮಧ್ಯಾಹ್ನ ನನ್ನ ಮುರ್ಶಿದಾಳ ನಿಖಾಹ್. ಕಾಪುವಿನಿಂದ ದಿಬ್ಬಣ ಬರ್ತದೆ. ಮನೆಯೊಳಗೆ ಮಾತ್ರ ಇವತ್ತೇ ನೀರು ಬಂದಿದೆ!"

"ಈ ಮಳೆಗಾಲದಲ್ಲಿ ಮದುವೆ ಯಾಕೆ ಇಟ್ಟದ್ದು ಆಸಿಯಮ್ಮ?"

"ಶಮೀರನಿಗೆ ರಜೆ ಕೊಡುವ ಅರಬಿಗೆ ಮಳೆಗಾಲ ಅಂದ್ರೆ ಎಂತ ಅಂತ ಗೊತ್ತುಂಟಾ?"

ಶಮೀರ್ ಅಂದರೆ ಮದುಮಗ. ದುಬೈಯಲ್ಲಿ ಕೆಲಸ ಮಾಡುವ ಹುಡುಗ, ಸಿಕ್ಕಿದಾಗ ಸಿಕ್ಕಿದ ರಜೆ.

"ಹಾಲ್‌ನಲ್ಲಿ ಮಾಡಬಹುದಲ್ಲ?"

ಆಸಿಯಮ್ಮ ತಲೆ ಅಲ್ಲಾಡಿಸಿದರು. "ಇವರು ಹೋಗುವಾಗ ಒಂದೇ ಮಾತು ಹೇಳಿದ್ದು. ಮಗಳನ್ನು ನಮ್ಮ ಬಾಗಿಲಿನಿಂದಲೇ ಕಳಿಸು ಅಂತ. ಆ ಬಾಗಿಲಿಗೆ ಅಂತಲೇ ಅಲ್ಲವಾ ಅವರು ಅಷ್ಟು ವರ್ಷ ಆ ಬಿಸಿಲಲ್ಲಿ ದುಡಿದದ್ದು?"

ಇವರು ಅಂದರೆ ಗಂಡ ಅಲಿಯಬ್ಬ. ತೀರಿಹೋಗಿ ಎರಡು ಮಳೆಗಾಲ ಕಳೆದಿವೆ. ಒಳ್ಳೆಯ ಮನುಷ್ಯ. ಗಲ್ಫಿನಿಂದ ಊರಿಗೆ ಬಂದಾಗಲೆಲ್ಲ ನನಗೊಂದು ಟಾರ್ಚ್ ತಂದುಕೊಡುತ್ತಿದ್ದರು.

ವಿಷಯ ಇಷ್ಟು. ಮೊದಲು ಮೇಲಿನ ರಸ್ತೆಯ ಮಳೆನೀರು ಆಸಿಯಮ್ಮನ ಅಂಗಳಕ್ಕೆ ಬಂದು, ಒಂದು ಸುತ್ತು ಹಾಕಿ ಹೋಗುತ್ತಿತ್ತು. ಹೋದ ಬೇಸಗೆಯಲ್ಲಿ ಚರಂಡಿ ದೊಡ್ಡದು ಮಾಡಿದರು. ಕಂಟ್ರಾಕ್ಟರ್ ದೂಮಪ್ಪ ಮಾಡಿದ್ದು. ಅಗಲ, ಆಳ, ಸಿಮೆಂಟು, ಮೇಲೆ ಚಪ್ಪಡಿ... ನೋಡಲಿಕ್ಕೆ ಭಾರೀ ಚಂದ! ಪೇಟೆಯ ಅರ್ಧ ನೀರು ಈಗ ಆ ಚರಂಡಿಯಲ್ಲಿ ಗುಡುಗುಡು ಅಂತ ಇಳಿಯುತ್ತದೆ. ಅಲ್ಲಿಂದ ಆಚೆಯ ಹಳ್ಳಕ್ಕೆ, ದೊಡ್ಡ ತೋಡಿಗೆ ಹೋಗಬೇಕು.

ಹೋಗುವುದಿಲ್ಲ. ಸೀದಾ ಆಸಿಯಮ್ಮನ ಅಡುಗೆಮನೆಗೆ ಹೋಗುತ್ತದೆ.

"ಚಪ್ಪಡಿ ತೆಗೆದು ನೋಡಿದ್ರೆ ಆಯ್ತಲ್ಲ?" ಅಂದೆ.

ಆಸಿಯಮ್ಮ ದನಿ ತಗ್ಗಿಸಿದರು. "ಚಪ್ಪಡಿಯ ಮೇಲೆ ನಾಗ ಬಂದಿದ್ದಾನೆ."

ನಾನು ಚಾ ಲೋಟ ಕೆಳಗಿಟ್ಟೆ.

"ಈ ಮಳೆ ಶುರುವಾಗುವ ಮೊದಲು. ಒಂದು ಬೆಳಗ್ಗೆ ನೋಡಿದ್ರೆ ಕಲ್ಲು ಉಂಟು. ಮಣ್ಣಿನಡಿಯಲ್ಲಿ ಸಿಕ್ಕಿದ ನಾಗ ಅಂತ ದೂಮಪ್ಪನ ಜನ ಹೇಳಿದ್ರು. ಜನ ಹತ್ತಿರ ಹೋಗಲಿಕ್ಕೇ ಹೆದರ್ತಾರೆ, ಮತ್ತೆ ಆ ಚಪ್ಪಡಿಗೆ ಯಾರು ಕೈ ಹಾಕ್ತಾರೆ? ನಾನು ಬಾಯಿ ಬಿಟ್ರೆ ಎಂತ ಆಗ್ತದೆ ನಿಮಗೆ ಗೊತ್ತುಂಟು. ಬ್ಯಾರ್ತಿ ನಾಗನನ್ನು ತೆಗೀಲಿಕ್ಕೆ ಹೇಳಿದಳು ಅಂತ ಸಂಜೆಯೊಳಗೆ ಊರಿಡೀ ಸುದ್ದಿ!"

ಸತ್ಯವೇ. ಅವರು ಬ್ಯಾರ್ತಿ, ಅಂದರೆ ಕರಾವಳಿಯ ಮುಸ್ಲಿಂ ಹೆಂಗಸು; ನಾನು ಕ್ರಿಶ್ಚನ್, ಊರಿನವರ ಬಾಯಲ್ಲಿ ಪೊರ್ಬು. ನಾಗನ ಕಲ್ಲಿನ ವಿಷಯದಲ್ಲಿ ನಾವಿಬ್ಬರೂ ದೂರ ನಿಂತು ಕೈ ಮುಗಿಯಬೇಕಾದವರು.

ದೂರ ನಿಂತು ನೋಡಲು ಹೋದೆ. ನೋಡಿದೆ. ಮತ್ತೊಮ್ಮೆ ನೋಡಿದೆ.

ಐದು ಹೆಡೆಯ ಚಂದದ ಕಲ್ಲು. ಮೈತುಂಬ ಕುಂಕುಮ!

ನಿಮಗೆ ಹೇಳಬೇಕು. ನಮ್ಮ ಹಿತ್ತಿಲಿನಲ್ಲೂ ಒಂದು ನಾಗನ ಕಲ್ಲಿದೆ. ಅಜ್ಜ ಜಾಗ ತೆಗೆದುಕೊಳ್ಳುವ ಮೊದಲೇ ಇದ್ದದ್ದು. ನಾವು ಭಾನುವಾರ ಇಗರ್ಜಿಗೆ ಹೋಗುವ ಜನ. ಆದರೂ ಪ್ರತಿ ನಾಗರಪಂಚಮಿಗೆ ನನ್ನ ಅಮ್ಮ ಕಾನ್ಸೆಪ್ಟಾ ಅರಶಿನದ ಹುಡಿ, ಹಾಲು, ಎಳನೀರು ತಯಾರು ಮಾಡಿ ಇಡುತ್ತಾಳೆ. ವಾಸು ಭಟ್ರು ಬಂದು ಪೂಜೆ ಮಾಡಿ ಹೋಗುತ್ತಾರೆ. ಈ ಊರಿನಲ್ಲಿ ನಾಗನಿಗೆ ಅರಶಿನ. ಅದು ಚಿಕ್ಕ ಮಗುವಿಗೂ ಗೊತ್ತು. ಕುಂಕುಮ ಹಚ್ಚಿದವನು ಈ ಊರಿನವನಲ್ಲ!

ಮತ್ತೊಂದು. ಮಣ್ಣಿನಡಿ ಸಿಕ್ಕಿದ ಕಲ್ಲಿನಲ್ಲಿ ಉಳಿಯ ಗೆರೆ ಅಷ್ಟು ಹೊಸತಾಗಿ ಇರುವುದುಂಟೇ?

ಅಂಥ ಕಲ್ಲು ಕೆತ್ತುವುದು ಕಾರ್ಕಳದಲ್ಲಿ. ಮರುದಿನ ಬೆಳಗ್ಗೆಯೇ ಸ್ಕೂಟರ್ ಹತ್ತಿದೆ. ಎರಡನೇ ಶೆಡ್ಡಿನಲ್ಲೇ ಅಣ್ಣು ಆಚಾರ್ಯರು ಸಿಕ್ಕಿದರು.

"ಐದು ಹೆಡೆ? ನನ್ನದೇ! ಹೆಡೆಯ ಅಂದ ನೋಡಿದ್ರಾ? ಈ ಜಿಲ್ಲೆಯಲ್ಲಿ ಇನ್ನೊಬ್ಬ ಮಾಡಲಿ ನೋಡುವ!"

"ಯಾರು ತೆಗೆದುಕೊಂಡು ಹೋದದ್ದು?"

"ದೂಮಪ್ಪ ಕಂಟ್ರಾಕ್ಟರ್. ಮಣಿಪಾಲದಲ್ಲಿ ಎಂತದೋ ಹೋಟೆಲಿನ ಗಾರ್ಡನಿಗೆ ಅಂತ. ಶೋಪೀಸು."

ನಾನು ವಿಷಯ ಹೇಳಿದೆ. ಆಚಾರ್ಯರು ಕೆಂಪಾದರು. ಪೂಜೆಯ ನಾಗ ಕೆತ್ತುವುದಾದರೆ ಅದಕ್ಕೊಂದು ಕ್ರಮ ಉಂಟಂತೆ, ವ್ರತ ಉಂಟಂತೆ. ಸುಳ್ಳು ಹೇಳಿ ತನ್ನ ಕಲ್ಲನ್ನು ಪೂಜೆಗೆ ಕೂರಿಸಿದ್ದಾನೆ ಅಂದರೆ! ಅಷ್ಟು ಹೊತ್ತಿಗೆ ಅವರು ಒಳಗೆ ಹೋಗಿ ಒಂದು ಫೋನ್ ಮಾಡಿ ಬಂದರು.

"ಯಾರಿಗೆ ಮಾಡಿದ್ದು?"

"ದೂಮಪ್ಪನಿಗೆ. ಚೆನ್ನಾಗಿ ಬೈದೆ. ಉಡುಪಿಯಿಂದ ಕ್ಲಾರೆನ್ಸ್ ಅಂತ ಒಬ್ಬರು ಬಂದಿದ್ದಾರೆ, ಅವರ ಸ್ಕೂಟರಿನಲ್ಲೇ ಬರ್ತೇನೆ, ಊರಿನವರ ಮುಂದೆ ನಿನ್ನ ಮಾನ ಕಳೀತೇನೆ ಅಂದೆ."

ಸೈ! ಯಾವ ರಸ್ತೆಯಲ್ಲಿ ಬರುತ್ತೇವೆ ಅಂತಲೂ ಹೇಳಿದ್ದರಂತೆ.

ಈಗ ಗೊತ್ತಾಯಿತಲ್ಲ ಟಿಪ್ಪರ್ ಎಲ್ಲಿಂದ ಬಂತು ಅಂತ?

ಮಣಿಪಾಲದ ಸರ್ಕಲ್. ಕಾಲೇಜಿನ ಹುಡುಗ ಹುಡುಗಿಯರು ಕೊಡೆ ಹಿಡಿದು ರಸ್ತೆ ದಾಟುತ್ತಿದ್ದರು. ನಾನು ಬೊಬ್ಬೆ ಹೊಡೆದೆ. ಅಣ್ಣು ಆಚಾರ್ಯರು ಕೊಡೆ ಬೀಸಿದರು. ಯಾರೋ ಸೀಟಿ ಹೊಡೆದು ಚಪ್ಪಾಳೆ ತಟ್ಟಿದರು. ನನಗೂ ನಗು ಬಂತು... ಹೆದರಿಕೆ ಹೆಚ್ಚಾದರೆ ನನಗೆ ನಗು ಬರುತ್ತದೆ. ಇದೊಂದು ಕಾಯಿಲೆ.

ಎಡಕ್ಕೆ ತಿರುಗಿಸಿದೆ. ಅಲೆವೂರಿನ ರಸ್ತೆ. ಇಳಿಜಾರು!

"ಬ್ರೇಕು ಹಿಡೀರಿ!"

"ಹಿಡಿದಿದ್ದೇನೆ!"

"ಮತ್ತೆ ಯಾಕೆ ನಿಲ್ಲುದಿಲ್ಲ?"

"ಅದನ್ನು ಬ್ರೇಕಿನ ಹತ್ತಿರ ಕೇಳಿ!"

ಗದ್ದೆಗಳ ನಡುವೆ ರಸ್ತೆ ಸಪೂರವಾಯಿತು. ಎದುರಿನಿಂದ ಬಸ್ಸು! ನಾನು ಬಸ್ಸಿನ ಪಕ್ಕದ ಸಂದಿನಲ್ಲಿ ನುಗ್ಗಿದೆ. ಸ್ಕೂಟರಿನ ಕನ್ನಡಿ ಹೋಯಿತು. ಆಚಾರ್ಯರ ಕೊಡೆಯೂ ಹೋಯಿತು. ಟಿಪ್ಪರಿಗೆ ಸಂದು ಸಿಗಲಿಲ್ಲ. ರಸ್ತೆಯ ಬದಿಗೆ ಇಳಿಯಿತು. ಮಳೆಗಾಲದಲ್ಲಿ ಇಲ್ಲಿ ರಸ್ತೆಯ ಬದಿ ಅಂತ ಇರುವುದಿಲ್ಲ, ಗದ್ದೆ ಮಾತ್ರ ಇರುತ್ತದೆ.

ಧಡ್!

ಎಡಗಡೆಯ ಎರಡೂ ಚಕ್ರ ಕೆಸರಿನಲ್ಲಿ ಕುಳಿತವು. ಡ್ರೈವರ್ ಬಾಗಿಲು ತೆರೆದು ಕೆಳಗೆ ಹಾರಿದ. ಮೊಣಕಾಲಿನವರೆಗೆ ಕೆಸರು. ಆಳು ದೊಡ್ಡವನೇ. ಆದರೆ ಮುಖದಲ್ಲಿ ಗಾಬರಿ.

ನಾನು ಸ್ಕೂಟರ್ ನಿಲ್ಲಿಸಿ ಹಿಂದೆ ಬಂದೆ. ನನ್ನ ಹೆದರಿಕೆ ಅವನಿಗೆ ಗೊತ್ತಾಗದ ಹಾಗೆ ಗಟ್ಟಿಯಾಗಿ ಹೆಜ್ಜೆ ಹಾಕಿದೆ.

"ಹೆಸರೆಂತ?"

"ದುರ್ಗೇಶ್ರೀ... ನಾ ನಿಮ್ಮ ಮ್ಯಾಲ ಗಾಡಿ ಹಾಯಿಸಾಕ ಬಂದಿಲ್ರೀ ಸಾಹೇಬ್ರ. ಬರೇ ಅಂಜಿಸಿ ಹೊಳ್ಳಿ ಕಳಿಸು ಅಂದಿದ್ರು ದೂಮಪ್ಪಣ್ಣ."

"ಆ ನಾಗನ ಕಲ್ಲು ಇಟ್ಟವನು ನೀನಾ?"

"ಹೌದ್ರೀ." ಅವನ ಮುಖ ಅರಳಿತು. "ಜಳಕಾ ಮಾಡಿ, ಉಪವಾಸ ಇದ್ದು ಇಟ್ಟೀನ್ರೀ. ದಿನಾ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗ್ತೀನಿ. ನಮ್ಮಾಕಿ ಭಾಗವ್ವ ಬಸರಿ ಅದಾಳ್ರೀ. ನಾಗಪ್ಪ ಚೊಲೋ ಮಾಡ್ಲಿ ಅಂತ."

ನಾನು ಆಚಾರ್ಯರ ಮುಖ ನೋಡಿದೆ. ಬೈಯಲು ತಯಾರಾಗಿದ್ದವರು ಬಾಯಿ ಮುಚ್ಚಿದರು.

"ಚಪ್ಪಡಿಯ ಮೇಲೆ ಯಾಕೆ ಇಟ್ಟೆ ದುರ್ಗೇಶ?"

"ಬಾಜೂಕ ಮರದ ಬುಡಕ ಇಡು ಅಂದಿದ್ರು. ಅಲ್ಲಿ ಬರೇ ರಾಡಿ ಇತ್ರೀ. ದೇವ್ರನ್ನ ರಾಡಿಯಾಗ ಹೆಂಗ ಇಡೂದು? ಚಪ್ಪಡಿ ಚೊಕ್ಕ ಇತ್ತು."

"ದೂಮಪ್ಪ ಬಂದು ನೋಡಲಿಲ್ಲವಾ?"

"ಅವ್ರು ಆ ಕಡಿ ಹಾಯಂಗಿಲ್ರೀ. ಕಲ್ಲು ತಂದ ದಿನಾನೂ ಮುಟ್ಟಲಿಲ್ಲ. ರಸ್ತೆ ಮೂಲ್ಯಾಗ ನಿಂತು ಕೈ ಮುಗದು ಹೋಗಿಬಿಡ್ತಾರ."

ನಾನು ಅಲ್ಲೇ ಗದ್ದೆಯ ಬದಿಯಲ್ಲಿ ನಿಂತು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ! ಊರನ್ನೆಲ್ಲ ಹೆದರಿಸಲು ನಾಗನನ್ನು ತಂದ ದೂಮಪ್ಪ, ತಾನೇ ಎಲ್ಲರಿಗಿಂತ ಹೆಚ್ಚು ಹೆದರಿದ್ದ. ಅದಕ್ಕೇ ಕುಂಕುಮ ನೋಡಿರಲಿಲ್ಲ. ಅದಕ್ಕೇ ಕಲ್ಲು ಎಲ್ಲಿ ಕುಳಿತಿದೆ ಅಂತಲೂ ಸರಿಯಾಗಿ ನೋಡಿರಲಿಲ್ಲ.

"ಚಪ್ಪಡಿಯ ಕೆಳಗೆ ಎಂತ ಉಂಟು?"

ದುರ್ಗೇಶ ಆಚೀಚೆ ನೋಡಿದ. "ಮಣ್ಣರೀ. ಅಲ್ಲಿಂದ ತೋಡಿನ ತನಕಾ ಅಗದೇ ಇಲ್ಲ. ಮಣ್ಣಿನ ಮ್ಯಾಲ ಚಪ್ಪಡಿ ಹಾಸೀವಿ. ಆದ್ರ ಮಂದಿ ಮುಂದ ಹೇಳು ಅನಬ್ಯಾಡ್ರೀ... ಕೆಲಸ ಹೋಕ್ಕೈತಿ."

"ನೀನು ಹೇಳುವುದೇ ಬೇಡ. ಜೆಸಿಬಿ ಓಡಿಸಲು ಬರ್ತದಾ?"

"ಅದ ನನ್ನ ಕಸಬು ಅಲ್ಲೇನ್ರೀ!"

ಮೊಬೈಲ್ ಹೊಡೆದುಕೊಂಡಿತು. ದೂಮಪ್ಪ.

"ಕ್ಲಾರೆನ್ಸ್, ನಿನ್ನ ಮಂಡೆ ಸರಿ ಉಂಟಾ? ನಾಗನ ವಿಷಯಕ್ಕೆ ಬಂದ್ರೆ ಊರಿನವರು ನಿನ್ನ ಆಫೀಸು ಪುಡಿ ಮಾಡ್ತಾರೆ! ನಾನು ಬೇಡ ಅಂದ್ರೂ ಮಾಡ್ತಾರೆ!"

"ಕಲ್ಲು ತೆಗೆಯಿರಿ ಅಂತ ನಾನು ಯಾವಾಗ ಹೇಳಿದೆ ದೂಮಪ್ಪಣ್ಣ? ಪೂಜೆ ಮಾಡಿಸುವ ಅಂತ."

ಅವನು ಬಾಯಿ ತೆರೆಯುವ ಮೊದಲೇ ನಾನು ಮುಂದುವರಿಸಿದೆ.

"ವಾಸು ಭಟ್ರಿಗೆ ಹೇಳ್ತೇನೆ. ನಿಮ್ಮ ಕೆಲಸದ ಜಾಗದಲ್ಲಿ ಬಂದ ನಾಗ. ನೀವು ಬರದಿದ್ರೆ ಜನ ಎಂತ ಹೇಳಿಯಾರು, ಅಲ್ವಾ?"

ಫೋನ್ ಇಟ್ಟೆ. ಟಿಪ್ಪರನ್ನು ಗದ್ದೆಗೆ ಬಿಟ್ಟು, ಒಂದು ಸ್ಕೂಟರಿನಲ್ಲಿ ಮೂವರು ಬನ್ನಂಜೆಗೆ ಹೊರಟೆವು. ದಾರಿಯಲ್ಲಿ ಒಬ್ಬ ಪೊಲೀಸ್ ಕೈ ತೋರಿಸಿದ. ಬ್ರೇಕು ಹಿಡಿಯಲಿಲ್ಲ. ಪಾಪ, ಅವನು ಇವತ್ತಿಗೂ ನನ್ನನ್ನು ರೌಡಿ ಅಂತ ತಿಳಿದಿದ್ದಾನೆ.

ಬನ್ನಂಜೆಯ ಓಣಿಯಲ್ಲಿ ನೀರು ಚಪ್ಪಡಿಯ ಸಂದಿಯಿಂದ ಉಕ್ಕುತ್ತಿತ್ತು. ಆಸಿಯಮ್ಮನ ಮನೆಯ ಮೊದಲ ಮೆಟ್ಟಿಲು ಮುಳುಗಿತ್ತು. ಅಡುಗೆಯವರು ಬಿರಿಯಾನಿಯ ಹಂಡೆಯನ್ನು ಕೆಂಪುಕಲ್ಲಿನ ಮೇಲೆ ಎತ್ತಿಟ್ಟು, ಅದರ ಕೆಳಗಿನ ಬೆಂಕಿಗೆ ಕೊಡೆ ಹಿಡಿದಿದ್ದರು. ಕಿಟಕಿಯ ಸರಳಿನಲ್ಲಿ ಶಂಕರಪುರದ ಮಲ್ಲಿಗೆಯ ಕಟ್ಟುಗಳು ನೇತಾಡುತ್ತಿದ್ದವು. ಅದರ ಹಿಂದೆ ಮುರ್ಶಿದಾ. ಮೆಹೆಂದಿ ಹಾಕಿದ ಎರಡೂ ಕೈ ಮೇಲಕ್ಕೆತ್ತಿ ನಿಂತಿದ್ದಳು. ಅತ್ತಿದ್ದಳು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ನನಗೆ ಸಿಟ್ಟು ಬಂತು. ಅಲ್ಲಿಯವರೆಗೆ ಇದೆಲ್ಲ ತಮಾಷೆಯಾಗಿತ್ತು. ಆ ಮೆಟ್ಟಿಲು ನೋಡಿದ ಮೇಲೆ ಅಲ್ಲ.

ಪೂಜೆ ಅಂದ ಕೂಡಲೇ ಓಣಿಯ ಜನವೆಲ್ಲ ಸೇರಿತ್ತು. ವಾಸು ಭಟ್ರು ಮೊಪೆಡ್ಡಿನಲ್ಲಿ ಬಂದಿಳಿದರು. ನನ್ನ ಅಮ್ಮ ಕೊಟ್ಟ ಅರಶಿನದ ಪೊಟ್ಟಣ ಅವರ ಕೈಯಲ್ಲಿತ್ತು. ದೂಮಪ್ಪನೂ ಬಂದ. ಜೊತೆಗೆ ನಾಲ್ಕೈದು ಮಂದಿ ದಾಂಡಿಗರು. ಆದರೆ ರಸ್ತೆಯ ಮೂಲೆಯಲ್ಲೇ ನಿಂತ. ದುರ್ಗೇಶ ಹೇಳಿದ್ದು ಸುಳ್ಳಲ್ಲ.

"ಬನ್ನಿ ದೂಮಪ್ಪಣ್ಣ! ಚಪ್ಪಲಿ ತೆಗೆದು ಹತ್ತಿರ ಬನ್ನಿ. ಮೊದಲ ಪೂಜೆ ನಿಮ್ಮದೇ ಆಗಬೇಕಲ್ಲ!"

"ನಾನು ಇಲ್ಲಿಂದಲೇ..."

"ಅದೆಂತ, ಇಲ್ಲಿಂದಲೇ?" ಜನರಲ್ಲಿ ಯಾರೋ ಅಂದರು. "ನಿಮಗೇ ಒಲಿದ ನಾಗ ಅಲ್ವಾ!"

ಬಂದ. ಒಂದೊಂದೇ ಹೆಜ್ಜೆ. ಚಪ್ಪಡಿಯ ಹತ್ತಿರ ಚಪ್ಪಲಿ ಬಿಟ್ಟ. ತಲೆ ಎತ್ತಿದ. ಕುಂಕುಮ ನೋಡಿದ. ಆಮೇಲೆ ಕಲ್ಲು ಕುಳಿತ ಜಾಗ ನೋಡಿದ. ಅವನ ಮುಖದ ರಕ್ತ ಇಳಿಯಿತು.

ವಾಸು ಭಟ್ರು ಕಲ್ಲಿನ ಮುಂದೆ ಬಗ್ಗಿ ಹುಬ್ಬು ಗಂಟಿಕ್ಕಿದರು. "ಇದೆಂತ ಕುಂಕುಮ? ಯಾರು ಹಚ್ಚಿದ್ದು?"

"ಭಟ್ರೇ, ಅದು ಆಮೇಲೆ," ಅಂದೆ. "ಮೊದಲು ನನಗೊಂದು ಸಣ್ಣ ಡೌಟು. ದೂಮಪ್ಪಣ್ಣ, ಈ ಚಪ್ಪಡಿಯ ಕೆಳಗೆ ಚರಂಡಿ ಉಂಟಲ್ಲ? ತೋಡಿನವರೆಗೆ ಪೂರ್ತಿ ಆಗಿದೆ ಅಂತ ಉದ್ಘಾಟನೆಯ ದಿನ ಮೈಕಿನಲ್ಲಿ ಹೇಳಿದ್ರಿ."

"ಉಂಟು... ಉಂಟಲ್ಲ! ಪೂರ್ತಿ ಉಂಟು!"

"ಹಾಗಾದ್ರೆ ಪೇಟೆಯ ಕೊಳಕು ನೀರೆಲ್ಲ ಈಗ ನಾಗನ ಬುಡದಲ್ಲೇ ಹರೀತಾ ಉಂಟು."

ಓಣಿಯ ಜನ ಚಪ್ಪಡಿಯ ಕಡೆಗೆ ಕತ್ತು ಚಾಚಿದರು.

"ಕೃಷ್ಣಾ!" ಅಂದರು ವಾಸು ಭಟ್ರು. ಎರಡು ಹೆಜ್ಜೆ ಹಿಂದೆ ಸರಿದರು.

"ದೂಮಪ್ಪಾ!" ಹಿಂದಿನಿಂದ ಯಾರೋ ಕಿರುಚಿದರು. "ಗಟಾರದ ಮೇಲೆ ನಾಗನನ್ನು ಕೂರಿಸಿದ್ದಾ ನೀನು?"

ದೂಮಪ್ಪ ಕಲ್ಲನ್ನು ನೋಡಿದ, ಜನರನ್ನು ನೋಡಿದ, ನನ್ನನ್ನು ನೋಡಿದ. ಅದು ತಾನೇ ತಂದ ಶೋಪೀಸು ಅಂತ ಅವನಿಗೆ ಗೊತ್ತು. ಆದರೆ ಎದುರಿಗೆ ಹೆಡೆ ಬಿಚ್ಚಿ ನಿಂತಿದೆಯಲ್ಲ!

"ಹೇಳಿ ದೂಮಪ್ಪಣ್ಣ. ನಾಗನ ಮುಂದೆ ನಿಂತು ಹೇಳಿ. ಕೆಳಗೆ ಚರಂಡಿ ಉಂಟಾ, ಇಲ್ಲವಾ?"

"ಇಲ್ಲ!" ಅವನು ಎರಡೂ ಕೈ ಜೋಡಿಸಿದ. "ಇಲ್ಲ ಮಾರಾಯ, ಇಲ್ಲ! ಕೊಳಕು ನೀರೂ ಇಲ್ಲ, ಎಂತದೂ ಇಲ್ಲ! ಬರೀ ಮಣ್ಣು! ಒಂದು ಗುದ್ದಲಿ ಕೂಡ ಹಾಕಿಲ್ಲ! ನಾಗನಾಣೆ!"

ಜನ ಕಲ್ಲನ್ನು ಬಿಟ್ಟು ಅವನ ಕಡೆಗೆ ತಿರುಗಿದರು.

ಆಮೇಲೆ ಅವನಿಗೆ ತಾನು ಹೇಳಿದ್ದು ಎಂತ ಅಂತ ಅರ್ಥವಾಯಿತು.

ಅಣ್ಣು ಆಚಾರ್ಯರು ಮುಂದೆ ಬಂದರು. "ಮತ್ತೆ ಇದು ಮಣ್ಣಿನಡಿ ಸಿಕ್ಕಿದ್ದೂ ಅಲ್ಲ. ಗಾರ್ಡನಿಗೆ ಅಂತ ನನ್ನ ಶೆಡ್ಡಿನಿಂದ ತಂದದ್ದು. ಪ್ರತಿಷ್ಠೆ ಇಲ್ಲ, ಎಂತ ಇಲ್ಲ. ಆದರೆ ಕೆಲಸ ನೋಡಿ! ಹೆಡೆ ನೋಡಿ! ಎಲ್ಲರೂ ಹತ್ತಿರ ಬಂದು ನೋಡಿ!"

ವಾಸು ಭಟ್ರು ಕಣ್ಣು ಮುಚ್ಚಿ ಎಂತದ್ದೋ ಹೇಳಿಕೊಂಡರು. ಕುಂಕುಮ ಒರೆಸಿದರು. ಯಾವುದಕ್ಕೂ ಇರಲಿ ಅಂತ ಒಂದು ಚಿಟಿಕೆ ಅರಶಿನ ಹಾಕಿದರು. "ಪ್ರತಿಷ್ಠೆ ಆಗದ್ದು. ತೆಗೆಯಬಹುದು," ಅಂದರು. ಆಚಾರ್ಯರೂ ಓಣಿಯ ಇಬ್ಬರೂ ಸೇರಿ ಕಲ್ಲನ್ನು ಎತ್ತಿ ನನ್ನ ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟರು. ಸ್ಕೂಟರ್ ಒಮ್ಮೆ ನರಳಿತು.

"ದುರ್ಗೇಶ!"

ಓಣಿಯ ಬಾಯಿಯಲ್ಲಿ ದೂಮಪ್ಪನದೇ ಜೆಸಿಬಿ ಗುಡುಗಿತು!

"ಅವನನ್ನು ಹಿಡೀರಿ!" ದೂಮಪ್ಪ ಕೂಗಿದ. ದಾಂಡಿಗರು ನನ್ನ ಕಡೆಗೆ ಬಂದರು. ಒಬ್ಬ ನನ್ನ ಅಂಗಿ ಹಿಡಿದ. ಅವನ ಕೈಗೆ ಮೇಲಿನಿಂದ ಒಂದು ಏಟು ಬಿತ್ತು. ಠಣ್! ತಿರುಗಿ ನೋಡಿದರೆ ಆಸಿಯಮ್ಮ, ಕೈಯಲ್ಲಿ ಬಿರಿಯಾನಿಯ ಸಟ್ಟುಗ!

"ನನ್ನ ಮಗಳ ಮದುವೆ ಮುಗಿಯುವ ತನಕ ಒಬ್ಬನೂ ಪೊರ್ಬುಗಳನ್ನು ಮುಟ್ಟಬಾರದು!"

ಮುಗಿದ ಮೇಲೆ ಮುಟ್ಟಬಹುದೋ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಜೆಸಿಬಿಯ ಬಕೆಟ್ ನಮ್ಮ ನಡುವೆ ಇಳಿಯಿತು. ದಾಂಡಿಗರು ನಾಲ್ಕೂ ದಿಕ್ಕಿಗೆ ಓಡಿದರು. ಒಬ್ಬ ಮದುವೆಯ ಚಪ್ಪರದೊಳಗೇ ಓಡಿದ. ಆಮೇಲೆ ಅವನು ಊಟ ಮಾಡಿಕೊಂಡೇ ಹೋದನಂತೆ.

ದುರ್ಗೇಶ ಚಪ್ಪಡಿಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ. ಕೆಳಗೆ ಮಣ್ಣು. ಅಗೆದ. ಮತ್ತೆ ಮಣ್ಣು. ತೋಡಿನ ಕಡೆಯಿಂದ ಕೆರೆಯುತ್ತ ಹಿಂದೆ ಬಂದ. ಜನರೂ ಗುದ್ದಲಿ ತಂದರು. ವಾಸು ಭಟ್ರು ಪಂಚೆ ಎತ್ತಿ ಕಟ್ಟಿ ಕೊಡೆಯಲ್ಲೇ ದಾರಿ ತೋರಿಸಿದರು. ಕೊನೆಯ ಒಂದು ದಿಣ್ಣೆ ಉಳಿದಿತ್ತು. ಬಕೆಟ್ ಅದಕ್ಕೆ ಮುಟ್ಟಿತು, ಅಷ್ಟೇ...

ನೀರು ಹಾರಿತು!

ಓಣಿಯಿಡೀ ಹೋ ಅಂತ ಕೂಗಿತು. ಕಟ್ಟಿನಿಂತ ನೀರೆಲ್ಲ ಒಮ್ಮೆಗೇ ತೋಡಿನ ಕಡೆಗೆ ಓಡಿತು. ಚಪ್ಪಡಿಯ ಬದಿಯಲ್ಲಿ ಬಿಟ್ಟಿದ್ದ ದೂಮಪ್ಪನ ಚಪ್ಪಲಿಗಳೂ ಅದರ ಜೊತೆ ಹೊರಟವು. ದೂಮಪ್ಪ ಬರಿಗಾಲಿನಲ್ಲಿ ಹಿಂದೆ ಓಡಿದ. ಸಿಗಲಿಲ್ಲ. ಆ ಚರಂಡಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಮೊದಲು ಪ್ರಯಾಣ ಮಾಡಿದ್ದು ಕಂಟ್ರಾಕ್ಟರನ ಚಪ್ಪಲಿಗಳೇ.

ಮೆಟ್ಟಿಲು ಕಾಣಿಸಿತು. ಮೊದಲು ಅಂಚು, ಆಮೇಲೆ ಪೂರ್ತಿ. ಆಸಿಯಮ್ಮ ಸೀರೆಯ ಸೆರಗಿನಿಂದಲೇ ಅದನ್ನು ಒರೆಸಿದರು.

ಕಾಪುವಿನ ದಿಬ್ಬಣ ಬಂದಾಗ ಅಂಗಳದಲ್ಲಿ ಕೆಸರಿತ್ತು, ನೀರಿರಲಿಲ್ಲ. ಶಮೀರ್ ಬಿಳಿ ಬೂಟು ಹಾಕಿಕೊಂಡು ಬಂದಿದ್ದ. ಬುದ್ಧಿವಂತ ಹುಡುಗ ಅಂತ ಹೇಳಲಾರೆ. ಸಂಜೆ ಮುರ್ಶಿದಾ ಮುಡಿ ತುಂಬ ಮಲ್ಲಿಗೆ ಮುಡಿದು ಆ ಬಾಗಿಲಿನಿಂದ ಇಳಿದಳು. ಆಸಿಯಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತು ಅತ್ತರು. ನಾನೂ ಕಣ್ಣು ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ? ಬಿರಿಯಾನಿಯಲ್ಲಿ ಖಾರ ಹೆಚ್ಚಾಯಿತು ಅಂತ ಪಕ್ಕದವರಿಗೆ ಹೇಳಿದೆ. ದುರ್ಗೇಶ ಮೂರು ಸಲ ಬಡಿಸಿಕೊಂಡ. ಭಾಗವ್ವನಿಗೂ ಒಂದು ಪಾತ್ರೆ ಕಟ್ಟಿಸಿಕೊಂಡ.

ದೂಮಪ್ಪ ಮರುದಿನವೇ ಸಿಮೆಂಟು ತಂದ. ಎರಡೂ ಬದಿ ಕಲ್ಲು ಕಟ್ಟಿ ಸರಿಯಾಗಿ ಮಾಡಿದ. ಜನ ಹೆದರಿಸಿದರು ಅಂತ ನೀವು ತಿಳಿಯಬಹುದು. ಅಲ್ಲ. ಕೆಲಸ ಮುಗಿಯುವವರೆಗೆ ಆ ಕಲ್ಲನ್ನು ಓಣಿಯ ಎದುರಿನ ನನ್ನ ಕಿಟಕಿಯಲ್ಲಿ ಇಟ್ಟಿದ್ದೆ. ಶೋಪೀಸು ಅಂತ ತಿಳಿದೂ ಅವನು ಬೆಳಗ್ಗೆ ಬಂದು ಮೊದಲು ಅದಕ್ಕೆ ಕೈ ಮುಗಿಯುತ್ತಿದ್ದ. ಆಮೇಲೆ ಗುದ್ದಲಿ.

ಅಣ್ಣು ಆಚಾರ್ಯರು ಇನ್ನೂ ಕಲ್ಲು ತೆಗೆದುಕೊಂಡು ಹೋಗಿಲ್ಲ. ನನ್ನ ಸ್ಕೂಟರ್ ಕಳಿಸಲಾ ಅಂತ ಕೇಳಿದರೆ ಫೋನ್ ಇಟ್ಟುಬಿಡುತ್ತಾರೆ.

ಹೋದ ವಾರ ಪೇಟೆಯ ಇನ್ನೊಂದು ಮೂಲೆಯಿಂದ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಕುಳಿತರು. ಕೆಮ್ಮಿದರು.

"ಪೊರ್ಬುಗಳೇ... ನಮ್ಮಲ್ಲಿಯೂ ಹೊಸ ಚರಂಡಿ ಆಗಿದೆ. ಕಂಟ್ರಾಕ್ಟರನ ಹತ್ತಿರ ಒಂದು ಪ್ರಶ್ನೆ ಕೇಳಲಿಕ್ಕುಂಟು. ಆ ಕಲ್ಲು ಒಂದು ದಿನದ ಮಟ್ಟಿಗೆ ಸಿಗಬಹುದಾ?"

"ಸಿಗ್ತದೆ," ಅಂದೆ. "ಆದರೆ ಹೊರಗೆ ಬೆಂಚಿನಲ್ಲಿ ಕುಳಿತವರೆಲ್ಲ ಅದಕ್ಕೇ ಬಂದದ್ದು. ಲೈನಿನಲ್ಲಿ ನಿಲ್ಲಿ."